ಜೀನ್ಸ್ ಹೊಲಿಗೆ ಘಟಕ: ಬ್ಯಾಂಕಿನವರು ಮಾಡಿಸಿದ ವಿಮೆಯೊಂದೇ ಸಾಕೇ?

ಪ್ರಶ್ನೆ – ಕೌಲ್‌ಬಜಾರ್ ಹೊಲಿಗೆಯವರು, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಜೀನ್ಸ್ ಹೊಲಿಗೆ ಘಟಕವಿದ್ದು, ಎಂಟು ಮಂದಿ ಕೆಲಸಕ್ಕಿದ್ದಾರೆ. ಮನೆಯ ಪತ್ರ ಅಡವಿಟ್ಟು ಸಿ.ಸಿ. ಸಾಲ (ಕ್ಯಾಶ್ ಕ್ರೆಡಿಟ್, ಅಂದರೆ ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ವ್ಯಾಪಾರದ ಸಾಲ) ಪಡೆದಿದ್ದೇನೆ. ಬ್ಯಾಂಕಿನವರೇ ದಾಸ್ತಾನಿಗೆ 25 ಲಕ್ಷ ರೂಪಾಯಿಯ ಬೆಂಕಿ ವಿಮೆ ಮಾಡಿಸಿದ್ದಾರೆ. ಕಂತು ನನ್ನ ಖಾತೆಯಿಂದ ಕಡಿತವಾಗುತ್ತದೆ. ಆದರೆ ದಸರಾ, ದೀಪಾವಳಿಗೆ ಮುಂಚೆ ನನ್ನ ಸ್ವಂತ ಮಾಲೇ 40 ಲಕ್ಷ ಮುಟ್ಟುತ್ತದೆ. ಇದಲ್ಲದೆ ವ್ಯಾಪಾರಿಗಳು ಜಾಬ್‌ವರ್ಕಿಗೆ (ಕೂಲಿಗೆ ಹೊಲಿದುಕೊಡಲು) ಕೊಟ್ಟ ಬಟ್ಟೆಯೂ ನಮ್ಮಲ್ಲಿರುತ್ತದೆ, ಹೊಲಿದ ಪ್ಯಾಂಟುಗಳು ಬಳ್ಳಾರಿ ಪಕ್ಕದ ಮುಂಡರಗಿಯ ವಾಷಿಂಗ್ ಘಟಕದಲ್ಲಿ ನಾಲ್ಕಾರು ದಿನ ಉಳಿಯುತ್ತವೆ. ಈ ವಿಮೆ ಸಾಕೇ? ಪರಿಚಯದ ಏಜೆಂಟರೊಬ್ಬರು ಮನಿಬ್ಯಾಕ್ ಪಾಲಿಸಿಗೆ (ನಡುನಡುವೆ ಒಂದಿಷ್ಟು ಹಣ ಹಿಂತಿರುಗಿಸುವ ಜೀವವಿಮೆ) ಒತ್ತಾಯಿಸುತ್ತಿದ್ದಾರೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಸಕ್ಕರೆ ಕಾಯಿಲೆಯಿರುವ ತಂದೆಯವರಿದ್ದಾರೆ. ಮೊದಲು ಯಾವುದನ್ನು ಮಾಡಿಸಬೇಕೆಂದು ತಿಳಿದವರು ಹೇಳಬೇಕು.

ಉತ್ತರ – ಲೆಕ್ಕಪತ್ರದವರು, ರಾಯಚೂರು

ಸಾಲದು. ಬ್ಯಾಂಕು ನೋಡುವುದು ತನ್ನ ಸಾಲದ ರಕ್ಷಣೆಯನ್ನು. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿರುವುದರಿಂದ ಪರಿಹಾರದ ಹಣವೂ ಮೊದಲು ಸಾಲಕ್ಕೇ ಜಮೆಯಾಗುತ್ತದೆ.

ಮುಖ್ಯ ತೊಂದರೆ ವಿಮಾ ಮೊತ್ತದ್ದು. 40 ಲಕ್ಷದ ಮಾಲಿದ್ದ ದಿನ ಬೆಂಕಿ ಬಿದ್ದು 8 ಲಕ್ಷದ ಮಾಲು ಸುಟ್ಟರೆ, ವಿಮೆ 25 ಲಕ್ಷದ್ದು ಇದೆಯಲ್ಲ, 8 ಲಕ್ಷ ಪೂರ್ತಿ ಬರುತ್ತದೆ ಎಂದು ಬಹಳ ಜನ ನಂಬಿರುತ್ತಾರೆ. ಆದರೆ ಕಂಪನಿಯು ಮಾಲಿಗೂ ವಿಮೆಗೂ ಇರುವ ಪ್ರಮಾಣವನ್ನು (40ಕ್ಕೆ 25) ಹಿಡಿದು 5 ಲಕ್ಷವನ್ನಷ್ಟೇ ಕೊಡುತ್ತದೆ. 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ (ಒಂದು ಸ್ಥಳದಲ್ಲಿ 5 ಕೋಟಿವರೆಗಿನ ಆಸ್ತಿಗೆ ಇದು ಅನ್ವಯ) ಶೇ. 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ; ನಿಮ್ಮದು ಅದಕ್ಕಿಂತ ಬಹಳ ಹೆಚ್ಚು. ವರ್ಷದ ನಡುವೆಯೂ ಹೆಚ್ಚುವರಿ ಕಂತು ಕಟ್ಟಿ ಮೊತ್ತ ಏರಿಸಬಹುದಾದ್ದರಿಂದ ನವೀಕರಣದವರೆಗೆ ಕಾಯುವ ಅಗತ್ಯವಿಲ್ಲ.

ಪಾಲಿಸಿಯ ಪ್ರತಿಯನ್ನು ತರಿಸಿಕೊಂಡು ವಿಳಾಸದ ಸಾಲನ್ನು ಓದಿರಿ. ಅಲ್ಲಿ ಕೌಲ್ ಬಜಾರಿನ ವಿಳಾಸ ಮಾತ್ರವಿದ್ದರೆ ಮುಂಡರಗಿಯಲ್ಲಿರುವ ಮಾಲಿಗೆ ರಕ್ಷಣೆಯಿಲ್ಲ. ಪರರ ಬಟ್ಟೆಯನ್ನೂ ಸೇರಿಸಲಾಗಿದೆಯೆಂದು ಸ್ಪಷ್ಟವಾಗಿ ಬರೆಸಬೇಕು. ಬೀಗ ಮುರಿದು ಆಗುವ ಕಳ್ಳತನಕ್ಕೆ ಬೇರೆಯದೇ ಪಾಲಿಸಿ ಬೇಕಾಗುತ್ತದೆ.

ಉತ್ತರ – ಅಕ್ಕಿ ಗಿರಣಿಯವರು, ಗಂಗಾವತಿ

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಪ್ರತಿ ತಿಂಗಳು ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತೀರಲ್ಲ, ಸರ್ವೇಯರ್ (ನಷ್ಟವನ್ನು ಅಂದಾಜು ಮಾಡಲು ವಿಮಾ ಕಂಪನಿ ಕಳಿಸುವವರು) ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ಸಾಲದ ಮಿತಿ ಕಡಿಮೆಯಾಗದಿರಲೆಂದು ಅದರಲ್ಲಿ ಮಾಲನ್ನು ಉಬ್ಬಿಸಿ ತೋರಿಸಿ, ಕಂತು ಉಳಿಯಲೆಂದು ವಿಮೆಯಲ್ಲಿ ಇಳಿಸಿ ತೋರಿಸುವುದು ನಮ್ಮ ಗಿರಣಿಗಳಲ್ಲೂ ಇರುವ ರೂಢಿ. ಹಾಗೆ ಮಾಡಿದವರು ವಿಮೆ ಕಡಿಮೆಯಿತ್ತೆಂಬುದಕ್ಕೆ ತಮ್ಮ ಸಹಿಯ ಸಾಕ್ಷಿಯನ್ನು ತಾವೇ ಕೊಟ್ಟಂತಾಗುತ್ತದೆ. ದಾಸ್ತಾನು ಪುಸ್ತಕವನ್ನು ಗಲ್ಲಾಪೆಟ್ಟಿಗೆಯ ಕೆಳಗೇ ಇಡಬೇಡಿ. ಮಾಲಿನ ಜೊತೆ ಅದೂ ಸುಟ್ಟುಹೋಗುತ್ತದೆ. ಪುಟಗಳ ಫೋಟೊ ಮನೆಯಲ್ಲಿರಲಿ.

ಇನ್ನು ಕೆಲಸಗಾರರ ವಿಷಯ. ಹತ್ತು ಮಂದಿಯಾದರೆ ಇ.ಎಸ್.ಐ. (ಸರ್ಕಾರದ ಕಾರ್ಮಿಕ ವಿಮಾ ಯೋಜನೆ) ನಿಮಗೂ ಅನ್ವಯವಾಗುತ್ತದೆ. ಅಲ್ಲಿಯವರೆಗೆ ಕೆಲಸದ ವೇಳೆ ಯಾರಿಗಾದರೂ ಅಪಘಾತವಾದರೆ ಪರಿಹಾರದ ಹೊಣೆ ನೇರವಾಗಿ ನಿಮ್ಮದೇ ಆಗಿರುವುದರಿಂದ ಅದಕ್ಕೂ ಒಂದು ಪಾಲಿಸಿ ಬೇಕು.

ಉತ್ತರ – ನಿವೃತ್ತ ವಿಮಾ ನೌಕರ, ಕೊಪ್ಪಳ

ಏಕಮಾಲೀಕತ್ವದಲ್ಲಿ ಅಂಗಡಿಯ ಸಾಲ ಬೇರೆ, ಮನೆಯ ಆಸ್ತಿ ಬೇರೆ ಎಂಬ ಗೆರೆ ಕಾನೂನಿನಲ್ಲಿಲ್ಲ. ಮನಿಬ್ಯಾಕ್ ಪಾಲಿಸಿಯಲ್ಲಿ ಕಂತು ದೊಡ್ಡದು, ರಕ್ಷಣೆ ಸಣ್ಣದು. ನಿಮ್ಮ ಸ್ಥಿತಿಗೆ ಅದು ಹೊಂದುವುದಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಟರ್ಮ್ ವಿಮೆಯನ್ನೇ (ಅವಧಿಯೊಳಗೆ ಸತ್ತರೆ ಮಾತ್ರ ಹಣ ಬರುವ ಜೀವವಿಮೆ) ತೆಗೆದುಕೊಳ್ಳಿ, ಆದರೆ ಎರಡಾಗಿ. ಒಂದು ಸಾಲದ ಮೊತ್ತಕ್ಕೆ, ಮನೆಯ ಪತ್ರ ಬಿಡಿಸಿಕೊಳ್ಳಲು. ಇನ್ನೊಂದನ್ನು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ, ಮಕ್ಕಳ ಹೆಸರಿಗೆ ಮಾಡಿಸಿ. ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶವಿಲ್ಲದಿದ್ದರೆ ಆ ಹಣ ನಿಮ್ಮ ಸಾಲಕ್ಕೆ ಜಪ್ತಿಯಾಗುವುದಿಲ್ಲ. ಇದನ್ನು ಅರ್ಜಿ ತುಂಬುವಾಗಲೇ ಘೋಷಿಸಬೇಕು.

ತಂದೆಯವರಿಗೆ ಪ್ರತ್ಯೇಕ ಆರೋಗ್ಯ ವಿಮೆ ಲೇಸು. ಒಂದೇ ಪಾಲಿಸಿಯಲ್ಲಿ ಸೇರಿಸಿದರೆ ಹಿರಿಯರ ವಯಸ್ಸಿನ ಮೇಲೆ ಎಲ್ಲರ ಕಂತೂ ಏರುತ್ತದೆ. ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬಾರದು. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ (ಆ ಕಾಯಿಲೆಯ ಖರ್ಚನ್ನು ಕಂಪನಿ ಕೊಡದ ಆರಂಭದ ಕಾಲ) ಈಗ ಹೆಚ್ಚೆಂದರೆ 36 ತಿಂಗಳು.

ಮರುಪ್ರಶ್ನೆ – ಕೌಲ್‌ಬಜಾರ್ ಹೊಲಿಗೆಯವರು

ಮೂವರಿಗೂ ಧನ್ಯವಾದಗಳು. ಬಟ್ಟೆ ಕೊಡುವ ವ್ಯಾಪಾರಿಯೇ ಅದಕ್ಕೆ ವಿಮೆ ಮಾಡಿಸಿದ್ದರೆ ನಾನೂ ಮಾಡಿಸಬೇಕೇ?

ಉತ್ತರ – ಲೆಕ್ಕಪತ್ರದವರು, ರಾಯಚೂರು

ಅವರ ಪಾಲಿಸಿಯಲ್ಲಿ ನಿಮ್ಮ ಘಟಕದ ವಿಳಾಸವಿದೆಯೇ ಎಂಬುದನ್ನು ಮೊದಲು ಕೇಳಿರಿ. ಇದ್ದರೂ, ಬೆಂಕಿಗೆ ನಿಮ್ಮ ಅಜಾಗರೂಕತೆಯೇ ಕಾರಣವೆಂದು ಕಂಡುಬಂದರೆ, ವ್ಯಾಪಾರಿಗೆ ಪರಿಹಾರ ಕೊಟ್ಟ ಕಂಪನಿಯು ಆ ಹಣವನ್ನು ನಿಮ್ಮಿಂದ ವಸೂಲು ಮಾಡಲು ಬರಬಹುದು. ಆದ್ದರಿಂದ ಆ ಹಕ್ಕನ್ನು ಬಿಟ್ಟುಕೊಟ್ಟಿರುವುದಾಗಿ ಅವರ ಕಂಪನಿಯಿಂದಲೇ ಬರವಣಿಗೆಯಲ್ಲಿ ಪಡೆಯಿರಿ. ಅದು ಸಿಗದಿದ್ದರೆ ಆ ಬಟ್ಟೆಯ ಮೌಲ್ಯವನ್ನೂ ನಿಮ್ಮ ಪಾಲಿಸಿಗೇ ಸೇರಿಸಿರಿ.