ಹಕ್ಕಿ ಸಿಕ್ಕಿತು, ಕತ್ತಲೆ ಎಲ್ಲಿ?

"ಇದು ರಾತ್ರಿ ತೆಗೆದದ್ದಾ?" ಅಂತ ಮೇಷ್ಟ್ರು ಕೇಳಿದ್ದೇ ತಡ, ಲೆನ್ಸಪ್ಪನಿಗೆ ಮಾತಿನ ಮಳೆ ಹಿಡಿಯಿತು.

ಲೆನ್ಸಪ್ಪ ಅನ್ನೋದು ನಾವಿಟ್ಟ ಹೆಸರು. ಕೊರಳಲ್ಲಿ ಕ್ಯಾಮೆರಾ ಇಲ್ಲದ ಲೆನ್ಸಪ್ಪನನ್ನು ಕಂಡವರಿಲ್ಲ. ಅವನು ಫೋನಲ್ಲಿ ತೋರಿಸಿದ್ದು ತಾನು ತೆಗೆದ ಒಂದು ಬೆಳ್ಳಕ್ಕಿಯ ಫೋಟೋ. ಸುತ್ತ ಕಡುಗಪ್ಪು. ಕೊಕ್ಕಿನ ತುದಿಯಿಂದ ಶುರುವಾಗಿ, ಕತ್ತಿನ ಬಾಗು ದಾಟಿ, ಬೆನ್ನಿನವರೆಗೆ ಒಂದು ಬೆಳಕಿನ ಗೆರೆ. ಮರಿ ಮಾಡುವ ಕಾಲದಲ್ಲಿ ಬೆಳ್ಳಕ್ಕಿಗೆ ಬೆನ್ನ ಮೇಲೆ ಜಾಲರಿಯಂಥ ಉದ್ದ ಗರಿ ಬರುತ್ತದಲ್ಲ, ಅದರ ಎಳೆ ಎಳೆಯೂ ಬೇರೆ ಬೇರೆ ಕಾಣುತ್ತಿತ್ತು.

"ರಾತ್ರಿ ಅಲ್ಲ ಮೇಷ್ಟ್ರೇ, ಬೆಳಿಗ್ಗೆ. ಸೂರ್ಯ ಹಕ್ಕಿಯ ಹಿಂದೆ ಇದ್ದ."

"ಸೂರ್ಯ ಹಿಂದೆ ಇದ್ದರೆ ಹಿಂದೆ ಬೆಳಕಿರಬೇಕಲ್ಲಪ್ಪ?"

"ಕಂಪ್ಯೂಟರಲ್ಲಿ ಮಸಿ ಬಳಿದಿದ್ದಾನೆ, ಇನ್ನೇನು," ಅಂದಳು ಪುಟ್ಟಕ್ಕ.

ಲೆನ್ಸಪ್ಪನಿಗೆ ಚುರ್ ಅಂತು. "ಮಸಿ ಅಲ್ಲಕ್ಕ, ನೆರಳು! ಆಚೆ ದಡದಲ್ಲಿ ದಟ್ಟ ಮರಗಳಿವೆ. ಸೂರ್ಯ ಅವುಗಳ ಹಿಂದೆ, ಸ್ವಲ್ಪ ಮೇಲೆ. ಮರಗಳ ಆ ಕಡೆಯ ಮೈಗೆ ಬಿಸಿಲು, ನಮ್ಮ ಕಡೆಯ ಮೈಗೆ ನೆರಳು. ಮರದ ತಲೆ ದಾಟಿ ಬಂದ ಬಿಸಿಲು ನೀರಿಗೆ ಬೀಳುತ್ತೆ. ಹಕ್ಕಿ ಬಿಸಿಲಲ್ಲಿ, ಹಿನ್ನೆಲೆ ನೆರಳಲ್ಲಿ. ಇಷ್ಟೇ ಗುಟ್ಟು."

"ಅಂದ್ರೆ ನೀನು ಹುಡುಕೋದು ಹಕ್ಕಿನಲ್ಲ, ಕತ್ತಲೆನ," ಅಂದಳು ಪುಟ್ಟಕ್ಕ.

"ಹ್ಞೂಂ. ಕತ್ತಲೆ ಸಿಕ್ಕ ಮೇಲೆ ಅದರ ಮುಂದೆ ಹಕ್ಕಿ ಬರಲಿ ಅಂತ ಕಾಯೋದು."

"ಬರದಿದ್ದರೆ?"

"ಕತ್ತಲೆಯ ಫೋಟೋ ಅಂತೂ ಗ್ಯಾರಂಟಿ," ಅಂದರು ಮೇಷ್ಟ್ರು.

ಹಕ್ಕಿ ಬಂದರೂ ಕಷ್ಟ ಮುಗಿಯುವುದಿಲ್ಲವಂತೆ. ಅದು ಎರಡು ಹೆಜ್ಜೆ ಆಚೆ ಹೋದರೆ ಹಿಂದೆ ಬೆಳ್ಳನೆ ಆಕಾಶದ ತುಂಡು. ಆಗ ಇವನೂ ಎರಡು ಹೆಜ್ಜೆ ಸರಿಯಬೇಕು. ಕೆಸರಲ್ಲಿ ಮಲಗಿದ್ದವನು ಸರಿಯುವುದು ಅಂದರೆ ಉರುಳುವುದು. ಇಲ್ಲಿ ಹೆಚ್ಚು ಕುಣಿಯುವುದು ಹಕ್ಕಿಯೋ ಲೆನ್ಸಪ್ಪನೋ ಅನ್ನೋದು ನನ್ನ ಅನುಮಾನ.

ಅಷ್ಟರ ಮೇಲೆ ಕ್ಯಾಮೆರಾದ ಬುದ್ಧಿವಾದ ಬೇರೆ. "ಅದಕ್ಕೆ ಎಲ್ಲವೂ ನಡುಮಟ್ಟದಲ್ಲಿರಬೇಕು. ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ಬೂದು," ಅಂದ ಲೆನ್ಸಪ್ಪ. "ಚೌಕಟ್ಟಿನ ತುಂಬಾ ಕಪ್ಪು ಕಂಡರೆ, ಅಯ್ಯೋ ಬೆಳಕು ಸಾಲದು ಅಂತ ತಾನೇ ಏರಿಸಿಬಿಡುತ್ತೆ. ಕತ್ತಲೆ ಬೂದಿಯಾಗುತ್ತೆ, ಗರಿಯ ಅಂಚು ಸುಟ್ಟು ಬರೀ ಬಿಳಿ ಆಗುತ್ತೆ."

"ನಮ್ಮ ಹೆಡ್‌ಮೇಷ್ಟ್ರ ಥರ. ಎಲ್ಲರಿಗೂ ಐವತ್ತು ಮಾರ್ಕ್ಸ್," ಅಂದರು ಮೇಷ್ಟ್ರು.

"ಅದಕ್ಕೇ ಅದರ ಮಾತು ಕೇಳಬಾರದು. ಎಕ್ಸ್‌ಪೋಷರ್, ಅಂದ್ರೆ ಒಳಗೆ ಬಿಡೋ ಬೆಳಕನ್ನ, ಒಂದು ಸ್ಟಾಪೋ ಎರಡು ಸ್ಟಾಪೋ ಇಳಿಸಬೇಕು. ಕೆಲವು ಸಲ ಇನ್ನೂ ಜಾಸ್ತಿ. ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ, ಎರಡು ಇಳಿಸಿದರೆ ನಾಲ್ಕನೇ ಒಂದು ಪಾಲು."

"ಇಷ್ಟು ಬೆಳಕು ಬೇಡ ಅನ್ನೋನು ಬಿಸಿಲಿಗೆ ಯಾಕೆ ಹೋದೆ?" ಪುಟ್ಟಕ್ಕ ಕೇಳಿದಳು. ನ್ಯಾಯವಾದ ಪ್ರಶ್ನೆಯೇ.

ಅವನು ಉತ್ತರಕ್ಕೆ ಇನ್ನೊಂದು ಚಿತ್ರ ತೋರಿಸಿದ. ಮಿಂದೆದ್ದ ಬಾತು ಸೆಟೆದು ನಿಂತು ರೆಕ್ಕೆ ಬಡಿಯುತ್ತಿದೆ. ಸುತ್ತ ನೀರಿನ ಹನಿಗಳು, ಕಪ್ಪಿನ ಮೇಲೆ ಬೆಳಕಿನ ಮಣಿ ಚೆಲ್ಲಿದ ಹಾಗೆ. ಇದಕ್ಕೆ ಮಾತ್ರ ಪುಟ್ಟಕ್ಕನೂ ಸುಮ್ಮನಾದಳು. ಹನಿಯ ಒಳಗೆ ಹೊಕ್ಕ ಬೆಳಕಿನಲ್ಲಿ ಹೆಚ್ಚಿನದು ಬಾಗಿ ಮುಂದಕ್ಕೇ ಹಾಯುತ್ತದೆ. ಸೂರ್ಯ ಆಚೆ, ನಾವು ಈಚೆ ಇದ್ದರೆ ಅದು ನಮ್ಮ ಕಣ್ಣಿಗೇ ಬರುತ್ತದೆ. ಅದೇ ಸೂರ್ಯ ನಮ್ಮ ಬೆನ್ನಿಗಿದ್ದರೆ ಹನಿಗಳು ಇಷ್ಟು ಹೊಳೆಯುವುದೇ ಇಲ್ಲ. ಅವನು ಶಟರನ್ನು, ಅಂದರೆ ಬೆಳಕನ್ನು ಒಳಗೆ ಬಿಡುವ ಬಾಗಿಲನ್ನು, 1/2000 ಸೆಕೆಂಡಿಗೆ ಇಟ್ಟಿದ್ದನಂತೆ. ನಿಧಾನ ಮಾಡಿದ್ದರೆ ಮಣಿಗಳ ಬದಲು ಗೀಟುಗಳು. ಹೆಜ್ಜಾರ್ಲೆಯ ಕೊಕ್ಕಿನ ಚೀಲವೂ ಹೀಗೇ. ಹಿಂದಿನಿಂದ ಬಿಸಿಲು ಹಾಯ್ದರೆ ಒಳಗಿನ ರಕ್ತನಾಳಗಳೆಲ್ಲ ಕಾಣುತ್ತವೆ.

ಮುಂದಿನದು ನೀರುಕಾಗೆ, ರೆಕ್ಕೆ ಬಿಚ್ಚಿ ಒಣಗಿಸುತ್ತಿರುವುದು.

"ಕಪ್ಪು ಹಕ್ಕಿ, ಕಪ್ಪು ಹಿನ್ನೆಲೆ," ಪುಟ್ಟಕ್ಕ ಫೋನನ್ನು ಓರೆ ಮಾಡಿ ನೋಡಿದಳು. "ಇದು ಫೋಟೋನಾ, ಒಗಟಾ?"

"ಅಂಚು ನೋಡಕ್ಕ, ಅಂಚು!"

"ಮಿಂಚುಳ್ಳಿ ಇಲ್ವಾ? ಅದಾದರೆ ನೀಲಿ ಇರುತ್ತೆ."

"ಅದನ್ನ ಹೀಗೆ ತೆಗೆದರೆ ನೀಲಿ ಹೋಗಿಬಿಡುತ್ತೆ. ಮಿಂಚುಳ್ಳಿಯ ನೀಲಿ ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯ ಸೂಕ್ಷ್ಮ ರಚನೆಗೆ ಬೆಳಕು ಬಡಿದು ನಮ್ಮ ಕಡೆ ತಿರುಗಿದರೆ ತಾನೇ ಕಾಣೋದು?"

ಹಾಗಾದರೆ ಈ ಆಟಕ್ಕೆ ಬಣ್ಣದ ಹಕ್ಕಿ ದಂಡ. ನನ್ನ ಕೇಳಿದರೆ ಬೆಳ್ಳಕ್ಕಿ ಮತ್ತು ಮೆಟ್ಟುಗಾಲು ಹಕ್ಕಿ ಸಾಕು. ಒಂದಕ್ಕೆ ಗರಿ ಚೆಂದ, ಇನ್ನೊಂದಕ್ಕೆ ಆ ಕಡ್ಡಿ ಕಾಲು. ಯಾವ ಜಾತಿಯ ಹಕ್ಕಿ ಅಂತ ಗುರುತು ಹಿಡಿಯೋರು ಈ ಚಿತ್ರ ಕಂಡರೆ ತಲೆ ಚಚ್ಚಿಕೊಳ್ಳುತ್ತಾರೆ, ಅದು ಬೇರೆ ಮಾತು.

ಇಷ್ಟು ಹೊತ್ತು ಮೇಷ್ಟ್ರು ಲೆನ್ಸಿನ ಮುಂದಿನ ಗಾಜನ್ನು ಬೆರಳಲ್ಲಿ ತಡವುತ್ತಿದ್ದರು. ಲೆನ್ಸಪ್ಪ ಕಿರುಚಿಕೊಂಡ. ಎದುರು ಬಿಸಿಲಲ್ಲಿ ಗಾಜಿನ ಮೇಲಿನ ಧೂಳು, ಬೆರಳಚ್ಚು ಎಲ್ಲವೂ ಮಂಜಾಗಿ ಚಿತ್ರಕ್ಕೆ ಬರುತ್ತದಂತೆ. ಲೆನ್ಸಿಗೆ ಹುಡ್ ಅನ್ನೋ ಮರೆ ಹಾಕುವುದೂ ಅದಕ್ಕೇ, ಅಡ್ಡ ಬೆಳಕು ಗಾಜಿಗೆ ಬೀಳದಿರಲಿ ಅಂತ.

ಮೇಷ್ಟ್ರು ಕೈ ಹಿಂದಕ್ಕೆ ತೆಗೆದುಕೊಂಡು ಮಾತು ತಿರುಗಿಸಿದರು. "ನಂದೂ ಒಂದು ಹೀಗೇ ತೆಗಿಯಪ್ಪ. ಸುತ್ತ ಕಪ್ಪು, ತಲೆ ಸುತ್ತ ಪ್ರಭಾವಳಿ."

ಲೆನ್ಸಪ್ಪ ಅವರ ತಲೆಯನ್ನೇ ನೋಡಿದ. ನಾವೂ ನೋಡಿದೆವು. "ಅಂಚು ಮಿನುಗಬೇಕಾದರೆ ಗರಿಯೋ ಕೂದಲೋ ಇರಬೇಕು ಮೇಷ್ಟ್ರೇ."

"ಬೆಳ್ಳಕ್ಕಿಗಿಂತ ಒಂದು ಸ್ಟಾಪ್ ಜಾಸ್ತಿ ಇಳಿಸು, ಇಲ್ಲಾಂದ್ರೆ ಸುಟ್ಟು ಹೋಗುತ್ತೆ," ಅಂದಳು ಪುಟ್ಟಕ್ಕ.

"ಟೋಪಿ ಹಾಕ್ಕೋತೀನಿ ಬಿಡಿ."

"ಉಣ್ಣೆದೇ ಹಾಕ್ಕೊಳ್ಳಿ," ಅಂದ ಲೆನ್ಸಪ್ಪ, ನಗದೆ. "ನವಿರು ಎದ್ದಿರೋದು. ಹೊಸದು ಬೇಡ."