ನೀರಿಲ್ಲದ ಹಳ್ಳದಲ್ಲಿ ಚಿನ್ನ ಬೇರ್ಪಡಿಸುವುದು ಹೇಗೆ?

ಪ್ರಶ್ನೆ (ಕೋಥರೂಡ್, ಪುಣೆ)

ನಾವು ಮೂಲತಃ ಗದಗ ಕಡೆಯವರು. ಈ ಚಳಿಗಾಲದಲ್ಲಿ ಅರಿಜೋನಾದಲ್ಲಿರುವ ಮಗಳ ಮನೆಗೆ ಹೋಗಲಿದ್ದೇವೆ. ನಮ್ಮ ಅಳಿಯಂದಿರು ಬಿಡುವಾದಾಗ ಕ್ವಾರ್ಟ್ಜ್‌ಸೈಟ್ ಎಂಬ ಊರಿನ ಸುತ್ತಿನ ಮರುಭೂಮಿಯ ಒಣ ಹಳ್ಳಗಳಲ್ಲಿ ಚಿನ್ನದ ಕಣ ಹುಡುಕುತ್ತಾರೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರೆಂದು ಹಿರಿಯರಿಂದ ಕೇಳಿದ್ದೇನೆ. ಆದರೆ ತೊಳೆಯಲು ನೀರೇ ಇಲ್ಲದ ಕಡೆ ಇದು ಹೇಗೆ ಸಾಧ್ಯ? ಹೊರಡುವ ಮೊದಲು ಇಲ್ಲಿಯ ಮುಠಾ ನದಿಯ ಮರಳಿನಲ್ಲಿ ಅಭ್ಯಾಸ ಮಾಡಬಹುದೇ?

ಉತ್ತರ (ಮುಲುಂಡ್, ಮುಂಬೈ)

ನಮಸ್ಕಾರ. ಕಪ್ಪತಗುಡ್ಡದ ಚಿನ್ನದ ಶಿಲೆಗಳ ಬಗ್ಗೆ ಭೂವಿಜ್ಞಾನಿ ಬ್ರೂಸ್ ಫೂಟ್ 1874ರಲ್ಲಿಯೇ ಬರೆದಿದ್ದಾರೆ. ಪುಣೆಯ ನೆಲವಾದರೋ ಬಸಾಲ್ಟ್ ಲಾವಾದಿಂದಾದದ್ದು; ಮುಠಾ ನದಿಗೆ ಚಿನ್ನ ತಂದುಕೊಡುವ ಶಿಲೆ ಆ ಭಾಗದಲ್ಲಿಲ್ಲ.

ನೀರಿನ ಕೆಲಸವನ್ನು ಅರಿಜೋನಾದಲ್ಲಿ ಗಾಳಿ ಮಾಡುತ್ತದೆ. ಕಣದಲ್ಲಿ ರಾಶಿ ತೂರಿದಾಗ ಹೊಟ್ಟು ಹಾರಿ ಕಾಳು ಉಳಿಯುವಂತೆ, ಡ್ರೈವಾಷರ್ ಎಂಬ ಸಾಧನದಲ್ಲಿ ಜರಡಿ ಹಿಡಿದ ಮರಳು ಇಳಿಜಾರಾದ ಬಟ್ಟೆಯ ಹಾಸಿನ ಮೇಲೆ ಹರಿಯುತ್ತದೆ, ಕೆಳಗಿನ ತಿದಿ ಗಾಳಿಯೂದಿ ಅದನ್ನು ಕುಣಿಸುತ್ತದೆ, ಹಗುರಾದದ್ದು ಜಾರಿಹೋಗಿ ಭಾರವಾದದ್ದು ಅಡ್ಡಪಟ್ಟಿಗಳ ಹಿಂದೆ ನಿಲ್ಲುತ್ತದೆ. ನೀರಿನದನ್ನು 1 ಎಂದುಕೊಂಡರೆ ಸಾಮಾನ್ಯ ಮರಳಿನ ಸಾಂದ್ರತೆ ಸುಮಾರು 2.65, ಕಪ್ಪು ಮರಳಿನ ಮ್ಯಾಗ್ನೆಟೈಟ್‌ನದು 5.2, ಶುದ್ಧ ಚಿನ್ನದ್ದು 19.3, ಈ ಅಂತರವೇ ಎಲ್ಲಕ್ಕೂ ಆಧಾರ. ಆದರೂ ಗಾಳಿ ನೀರಿನಷ್ಟು ಚೆನ್ನಾಗಿ ಬೇರ್ಪಡಿಸುವುದಿಲ್ಲ, ತೀರ ಸಣ್ಣ ಕಣಗಳ ಚಿನ್ನ ಕೈತಪ್ಪುತ್ತದೆ. ಆದ್ದರಿಂದ ಕೊನೆಗೆ ಉಳಿದ ಕಪ್ಪು ಮರಳನ್ನು ಮನೆಗೆ ತಂದು ತಟ್ಟೆಯಲ್ಲಿ ನೀರು ಹಾಕಿ ತೊಳೆಯುವುದು ಒಳ್ಳೆಯದು.

ಸಾಧನಕ್ಕಿಂತ ಜಾಗ ಮುಖ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಅಪರೂಪಕ್ಕೆ ಬರುವ ರಭಸದ ಪ್ರವಾಹ ಚಿನ್ನವನ್ನು ಹೊತ್ತು ತಂದು, ಸೆಳೆತ ಕುಗ್ಗಿದಲ್ಲಿ, ಅಂದರೆ ತಿರುವಿನ ಒಳಬದಿಯಲ್ಲಿ, ದೊಡ್ಡ ಬಂಡೆಗಳ ಹಿಂಬದಿಯಲ್ಲಿ, ತಳಬಂಡೆಯ ಬಿರುಕುಗಳಲ್ಲಿ ಇಳಿಸುತ್ತದೆ. ಅಲ್ಲಿಯ ಮಣ್ಣಿನಡಿ ಸುಣ್ಣದಿಂದ ಗಟ್ಟಿಯಾದ ಕ್ಯಾಲಿಚೆ ಎಂಬ ಪದರವಿರುತ್ತದೆ. ತಳಬಂಡೆ ಬಹಳ ಆಳದಲ್ಲಿದ್ದರೂ ಈ ಪದರದ ಮೇಲೆಯೇ ಚಿನ್ನ ನಿಂತಿರಬಹುದು. ಮೊದಲು ಹಲವು ಕಡೆ ಸ್ವಲ್ಪ ಸ್ವಲ್ಪ ಮಣ್ಣು ತೆಗೆದು ಪರೀಕ್ಷಿಸಿ, ಕಣ ಕಂಡಲ್ಲಿ ಮಾತ್ರ ಅಗೆಯಿರಿ.

ಉತ್ತರ (ಮಡಗಾಂವ್, ಗೋವಾ)

ಮೇಲಿನವರ ಮಾತು ಸರಿ. ಕಾನೂನಿನ ವಿಷಯವನ್ನು ನಾನು ಸೇರಿಸುತ್ತೇನೆ. ನಮ್ಮ ದೇಶದಲ್ಲಿ 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಚಿನ್ನಕ್ಕಾಗಿ ಅನ್ವೇಷಣೆ ನಡೆಸುವಂತಿಲ್ಲ. ಅಮೆರಿಕದಲ್ಲಿ ಸಂಯುಕ್ತ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ಮುಕ್ತ ಜಮೀನಿನಲ್ಲಿ ಕೈಯಿಂದ ಅಥವಾ ಬ್ಯಾಟರಿಯಿಂದ ನಡೆಯುವ ಡ್ರೈವಾಷರನ್ನು ಸಾಮಾನ್ಯವಾಗಿ ಸಣ್ಣ ಬಳಕೆಯೆಂದೇ ಪರಿಗಣಿಸುತ್ತಾರೆ. ಆದರೆ ಅಲ್ಲಿಯ 1872ರ ಗಣಿ ಕಾಯ್ದೆಯಡಿ ಬೇರೆಯವರು ಹಕ್ಕು ಗುರುತಿಸಿಕೊಂಡ ಜಾಗದಲ್ಲಿ ಅವರ ಒಪ್ಪಿಗೆ ಇಲ್ಲದೆ ಹಿಡಿ ಮಣ್ಣನ್ನೂ ತೆಗೆಯಬಾರದು. ಅಳಿಯಂದಿರು ದಾಖಲೆ ನೋಡಿದ್ದಾರೆಯೇ ಎಂದು ಕೇಳಿ.

ಧೂಳಿನ ಬಗ್ಗೆಯೂ ದಯವಿಟ್ಟು ಎಚ್ಚರವಿರಲಿ. ಅರಿಜೋನಾದ ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಉಸಿರಿನೊಡನೆ ಒಳಸೇರಿ ವ್ಯಾಲಿ ಫೀವರ್ ಎಂಬ ಶ್ವಾಸಕೋಶದ ಕಾಯಿಲೆ ತರುತ್ತದೆ. ಡ್ರೈವಾಷರ್ ಎಂದರೆ ಧೂಳೆಬ್ಬಿಸುವ ಯಂತ್ರವೇ. ಎನ್95 ಮುಖಗವಸು ಧರಿಸಿ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ, ಧೂಳು ನಿಮ್ಮಿಂದ ದೂರ ಸಾಗುವಂತೆ ನಿಲ್ಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಚಳಿಗಾಲದಲ್ಲಿ ಅಲ್ಲಿ ಆಗಾಗ ಮಳೆ ಬೀಳುತ್ತದೆಯಂತೆ. ಮಣ್ಣು ತೇವವಾಗಿದ್ದರೆ ಏನು ಮಾಡಬೇಕು?

ಉತ್ತರ (ಮುಲುಂಡ್, ಮುಂಬೈ)

ತೇವವಿದ್ದರೆ ಡ್ರೈವಾಷರ್ ಉಪಯೋಗಕ್ಕೆ ಬಾರದು, ಏಕೆಂದರೆ ಜೇಡಿಯ ಹೆಂಟೆಗಳು ಚಿನ್ನವನ್ನು ಒಳಗಿಟ್ಟುಕೊಂಡೇ ಹೊರಗೆ ಉರುಳುತ್ತವೆ. ತೆಗೆದ ಮಣ್ಣನ್ನು ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ, ಬಿಸಿಲಿಗೆ ಪೂರ್ತಿ ಒಣಗಿಸಿ, ಹೆಂಟೆಗಳನ್ನು ಪುಡಿಮಾಡಿದ ಮೇಲೆಯೇ ಜರಡಿಗೆ ಹಾಕಿ.