‘ಜೊತೆಗೆ ಬಳಸಿ’ ಅಂದರೆ ಒಟ್ಟಿಗೋ, ಒಂದಾದ ಮೇಲೊಂದೋ?

ಎಲ್ಲರಿಗೂ ನಮಸ್ಕಾರ.

ಎರಡೇ ಅಕ್ಷರದ ಒಂದು ಪದ ಹದಿನೈದು ದಿನದಿಂದ ನನ್ನನ್ನು ಗೋಳುಹೊಯ್ದುಕೊಳ್ಳುತ್ತಿದೆ: ‘ಜೊತೆ’. ಯಾರಾದರೂ ಬಿಡಿಸಿಕೊಡಬೇಕು.

ನಾನು ಮಾಡುವುದು ಅನುವಾದದ ಕೂಲಿ. ಮಿಕ್ಸಿ, ಗೀಸರ್, ಬಿ.ಪಿ. ನೋಡುವ ಮಷೀನು, ಇವುಗಳ ಡಬ್ಬಿಯಲ್ಲಿ ಎಂಟು ಮಡಿಕೆ ಮಾಡಿಟ್ಟ ತೆಳು ಕಾಗದ ಇರುತ್ತದಲ್ಲ, ಅದರ ಕನ್ನಡದ ಪಾಲು ನನ್ನದು. ಈಚೆಗೆ ಬಂದದ್ದು ಮನೆಯಲ್ಲೇ ಅಂದಕ್ಕೆಂದು ಮುಖಕ್ಕೆ ಆಡಿಸಿಕೊಳ್ಳುವ ಕರೆಂಟಿನ ಮಷೀನುಗಳ ಕೆಲಸ. ಕೆಂಪು ಬೆಳಕಿನ ಎಲ್‌ಇಡಿ ಮುಖವಾಡ ಒಂದು, ಎರಡು ಲೋಹದ ಗುಂಡಿನಿಂದ ಚರ್ಮಕ್ಕೆ ತೀರಾ ಸಣ್ಣ ಕರೆಂಟು ಹಾಯಿಸುವ ಮೈಕ್ರೊಕರೆಂಟ್ ಮಷೀನು ಇನ್ನೊಂದು. ನೀವು ಈಗಾಗಲೇ ಹಚ್ಚಿಕೊಳ್ಳುತ್ತಿರುವ ಸೀರಮ್ಮು, ಕ್ರೀಮು, ಜೆಲ್ಲುಗಳನ್ನು ಇವಕ್ಕೆ ಹೇಗೆ ಹೊಂದಿಸಿಕೊಳ್ಳಬೇಕು ಅನ್ನುವುದೇ ಕಾಗದದ ಮುಕ್ಕಾಲು ಪಾಲು. ಇಂಗ್ಲಿಷಿನಲ್ಲಿ ‘ಯೂಸ್ ವಿತ್’ ಇದ್ದ ಕಡೆಯೆಲ್ಲ ಕಣ್ಣುಮುಚ್ಚಿ ‘ಜೊತೆಗೆ ಬಳಸಿ’ ಅಂತ ಹಾಕಿದೆ. ಬಿಲ್ಲು ಕಳಿಸಿದೆ, ದುಡ್ಡೂ ಬಂತು.

ಆಮೇಲೊಂದು ಭಾನುವಾರ ಇಲ್ಲೇ ಬೆಂಗಳೂರಿನ ಹನುಮಂತನಗರದ ಚಿಕ್ಕಮ್ಮನ ಮನೆಗೆ ಹೋದರೆ, ಸೊಸೆ ಉಡುಗೊರೆ ಕೊಟ್ಟ ಅದೇ ಮೈಕ್ರೊಕರೆಂಟ್ ಮಷೀನು, ಒಳಗೆ ನನ್ನದೇ ಕನ್ನಡ! ಚಿಕ್ಕಮ್ಮ ಕನ್ನಡಿ ಮುಂದೆ ಕೂತು ಕೆನ್ನೆಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಗುಂಡು ಆಡಿಸುತ್ತಿದ್ದರು. ಏನೂ ಗೊತ್ತಾಗುತ್ತಿಲ್ಲವೆಂದು ಕರೆಂಟನ್ನು ಒಂದು, ಎರಡು, ಮೂರು ಅಂತ ಏರಿಸುತ್ತಾ ಹೋದರು. ಎಣ್ಣೆ ತಾಗದ, ಬೆವರಿದ್ದ ಕೂದಲಂಚಿಗೆ ಗುಂಡುಗಳು ತಗುಲಿದವು ನೋಡಿ, ಚುಳ್ ಅಂತು. ಮಷೀನು ಮಡಿಲಿಗೆ ಬಿತ್ತು.

“ಏನೇ ಇದು? ಜೊತೆಗೆ ಅಂತ ನೀನೇ ಬರ್ದಿದ್ದೀಯಲ್ಲ?”

“ಜೆಲ್ ಜೊತೆಗೆ ಅಂತ ಚಿಕ್ಕಮ್ಮ. ಎಣ್ಣೆ ಅಲ್ಲ.”

“ಜೆಲ್ಲೂ ಬೆಳಿಗ್ಗೆ ಹಚ್ಕೊಂಡಿದ್ದೆ ಕಣೇ. ಒಂದೇ ದಿನ ಎರಡೂ ಆಯ್ತು. ಜೊತೆಗೇ ತಾನೆ?”

ನನಗೆ ಮಾತು ಹೊರಡಲಿಲ್ಲ. ಅವರ ಕನ್ನಡದಲ್ಲಿ ತಪ್ಪೇನಿದೆ? ಬಿ.ಪಿ. ಮಾತ್ರೆ ಬೆಳಿಗ್ಗೆ, ಶುಗರ್ ಮಾತ್ರೆ ರಾತ್ರಿ ನುಂಗಿದರೂ ‘ಅದರ ಜೊತೆಗೆ ಇದನ್ನೂ ತೊಗೋತೀನಿ’ ಅಂತಲೇ ನಾವು ಹೇಳುವುದು.

ಮೈಕ್ರೊಕರೆಂಟಿನಲ್ಲಿ ಜೆಲ್ ಅಲಂಕಾರಕ್ಕಲ್ಲ, ಅದೇ ದಾರಿ. ಹರಿಯುವ ವಿದ್ಯುತ್ತು ಆಂಪಿಯರ್‌ನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕದ್ದು. ಒಣ ಚರ್ಮ ಅದನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ನೀರಿನಂಶದ ಜೆಲ್ ಬಿಡುತ್ತದೆ, ಎಣ್ಣೆ ತಡೆಯುತ್ತದೆ. ಗುಂಡು ಆಡುವಷ್ಟು ಹೊತ್ತೂ ಜೆಲ್ ಹಸಿಯಾಗಿಯೇ ಇರಬೇಕು, ಆರಿದರೆ ಮತ್ತೆ ಹಚ್ಚಬೇಕು. ಊಟದ ಭಾಷೆಯಲ್ಲಿ ಹೇಳುವುದಾದರೆ ಇದು ಅನ್ನ ಸಾರಿನ ಜೊತೆ: ಕಲಸದೆ ತುತ್ತಿಲ್ಲ.

ಬೆಳಕಿನ ಮುಖವಾಡದ್ದು ಹಾಗಲ್ಲ. ಅದಕ್ಕೆ ಮುಖ ತೊಳೆದು ಒರೆಸಿರಬೇಕು, ಮಧ್ಯೆ ಏನೂ ಬೇಡ. ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಬಳಿದುಕೊಂಡು ಕೂತರೆ ಬೆಳಕಿಗೆ ಅಡ್ಡ ಗೋಡೆ ಕಟ್ಟಿದಂತೆ. ಸೀರಮ್ಮೋ ಕ್ರೀಮೋ ಏನಿದ್ದರೂ ಮುಖವಾಡ ತೆಗೆದಿಟ್ಟ ಮೇಲೆ, ಊಟ ಎದ್ದ ಮೇಲೆ ಎಲೆ ಅಡಿಕೆ ಹಾಕಿಕೊಂಡ ಹಾಗೆ. ಇನ್ನು ರೆಟಿನಾಲು, ಗ್ಲೈಕಾಲಿಕ್ ಆಸಿಡ್ಡು ಇರುವ ಕ್ರೀಮು, ಸೀರಮ್ಮುಗಳು: ಇವು ಮೊದಲೇ ಚರ್ಮವನ್ನು ಸೂಕ್ಷ್ಮ ಮಾಡಿರುತ್ತವೆ, ಕರೆಂಟು ಆಡಿಸಿದ ರಾತ್ರಿ ಇವಕ್ಕೆ ರಜೆ ಕೊಡುವುದು ಕ್ಷೇಮ. ಕಾವೇರಿ ನೀರು ಬಿಟ್ಟ ಹಾಗೆ, ದಿನ ಬಿಟ್ಟು ದಿನ. ನಮ್ಮೂರಿನವರಿಗೆ ಈ ‘ಸರದಿ’ಯನ್ನು ಬಿಡಿಸಿ ಹೇಳಬೇಕಿಲ್ಲ.

ಮೂರು ಸಂಬಂಧಕ್ಕೂ ನಾನು ಬರೆದದ್ದು ಒಂದೇ ‘ಜೊತೆಗೆ’. ಪೇಸ್‌ಮೇಕರ್ ಇರುವವರು ಕರೆಂಟಿನ ಮಷೀನು ಮುಟ್ಟಲೇಬಾರದು ಅನ್ನುವ ಸಾಲಿನಲ್ಲಿ ಆ ಪದ ಬರಲಿಲ್ಲ, ಅಷ್ಟರಮಟ್ಟಿಗೆ ಬಚಾವು.

ತಿದ್ದಲು ಹೊರಟಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ‘ಚಪ್ಪಲಿ ಹಾಕಿಕೊಂಡು ಒಳಗೆ ಬಂದ’ ಅಂದರೆ ಚಪ್ಪಲಿ ಇನ್ನೂ ಕಾಲಲ್ಲೇ ಇದೆ. ‘ಕೊಡೆ ಹಿಡಿದುಕೊಂಡು ಹೋದಳು’ ಅಂದರೆ ಕೊಡೆ ದಾರಿಯುದ್ದಕ್ಕೂ ಕೈಯಲ್ಲಿದೆ. ಮುಗಿದ ಕೆಲಸದ ಫಲ ಇನ್ನೂ ಮೈಮೇಲೆ ಉಳಿದಿದೆ ಅಂತ ಈ ‘ಕೊಂಡು’ ತಾನಾಗಿ ಹೇಳುತ್ತದೆ. ಹಾಗಾದರೆ ‘ಜೆಲ್ ಹಚ್ಚಿ ಮಷೀನ್ ಆಡಿಸಿ’ ಅನ್ನುವುದಕ್ಕಿಂತ ‘ಜೆಲ್ ಹಚ್ಚಿಕೊಂಡು ಆಡಿಸಿ’ ಗಟ್ಟಿ ಅಲ್ಲವೇ? ಆದರೆ ‘ಸ್ನಾನ ಮಾಡಿಕೊಂಡು ಬಂದ’ ಅಂದಾಗ ಸ್ನಾನ ಮುಗಿದೇ ಹೋಗಿದೆ. ಹಾಕು, ಹಿಡಿ, ಹಚ್ಚು, ಹೊದಿ ಇಂಥ ಧಾತುಗಳಲ್ಲಿ ಮಾತ್ರ ‘ಉಳಿದಿದೆ’ ಅನ್ನುವ ಅರ್ಥ ಬರುತ್ತದೆಯೋ? ವ್ಯಾಕರಣ ಬಲ್ಲವರು ಹೇಳಬೇಕು. ನನ್ನ ಮೊದಲ ಪ್ರಶ್ನೆ ಇದು, ದೊಡ್ಡದೂ ಇದೇ.

‘ಮೇಲೆ’ ಇನ್ನೂ ತಂಟೆಕೋರ. ‘ಮಂಚದ ಮೇಲೆ’ ಜಾಗ, ‘ಮಳೆ ನಿಂತ ಮೇಲೆ’ ಕಾಲ. ‘ಸೀರಮ್ ಹಚ್ಚಿದ ಮೇಲೆ’ ಬರೆದರೆ ಕಾಲ, ‘ಹಚ್ಚಿದ್ದರ ಮೇಲೆ’ ಬರೆದರೆ ಜಾಗ. ಆರು ಪಾಯಿಂಟಿನ ಅಕ್ಷರದಲ್ಲಿ, ಕನ್ನಡಕ ಹುಡುಕುತ್ತಾ ಓದುವವರಿಗೆ ಈ ಒತ್ತು ಕಂಡೀತೇ? ‘ಅನಂತರ’ ಬರೆದರೆ ಗೊಂದಲವಿಲ್ಲ, ಆದರೆ ಬಾತ್‌ರೂಮಿನಲ್ಲಿ ನಿಂತು ಓದುವ ಕಾಗದಕ್ಕೆ ಅದು ಸ್ವಲ್ಪ ಪಂಚೆ ಉಟ್ಟುಕೊಂಡು ಬಂದ ಹಾಗಿರುತ್ತದೆ.

‘ಚರ್ಮದಿಂದ ಸಂಪೂರ್ಣವಾಗಿ ಹೀರಲ್ಪಟ್ಟ ನಂತರ’ ಅಂತ ಹಳೆಯ ಪ್ರತಿಯೊಂದರಲ್ಲಿ ಇತ್ತು. ಅದನ್ನು ಕಿತ್ತು ‘ಇಂಗಿದ ಮೇಲೆ’ ಮಾಡಿದೆ. ಪುಟ ಕಟ್ಟುವ ಹುಡುಗ ಫೋನ್ ಮಾಡಿ, “ಮೇಡಂ, ಮುಖಕ್ಕೆ ಇಂಗು ಯಾಕೆ?” ಅಂದ. 2009ರಲ್ಲಿ ಮಳೆನೀರು ಕೊಯ್ಲು ಕಡ್ಡಾಯ ಮಾಡಿ ಕಾನೂನು ತಂದ ಊರಿದು, ಮನೆಮನೆಗೂ ಇಂಗುಗುಂಡಿ ತೋಡಿ ಅಂತ ಹೇಳಿದ್ದೇ ಹೇಳಿದ್ದು; ಆದರೂ ಅವನಿಗೆ ನೆನಪಾದದ್ದು ತಿಳಿಸಾರಿನ ಒಗ್ಗರಣೆ. ನಾನಂತೂ ‘ಇಂಗಿ’ಯನ್ನು ಬಿಡುವವಳಲ್ಲ.

‘ತ್ವಚೆ’ಯನ್ನು ಮಾತ್ರ ಎಲ್ಲ ಕಡೆಯಿಂದಲೂ ತೆಗೆದೆ. ನಮ್ಮಜ್ಜಿಗೆ ಮುಖ ಇತ್ತು, ಮೈ ಇತ್ತು, ಚರ್ಮವೂ ಇತ್ತು. ತ್ವಚೆ ಬಂದದ್ದು ಟಿ.ವಿ. ಜಾಹೀರಾತು ಬಂದ ಮೇಲೆ. ‘ಸೀರಮ್’ ಹಾಗೇ ಇರಲಿ. ಲ್ಯಾಟಿನ್ನಿನಲ್ಲಿ ಅದಕ್ಕೆ ಹಾಲು ಒಡೆದಾಗ ಬೇರೆಯಾಗುವ ನೀರು ಅಂತ ಅರ್ಥ; ಕನ್ನಡಿಸಲು ಹೋದರೆ ಪನೀರು ಮಾಡಿ ಉಳಿದದ್ದನ್ನು ಮುಖಕ್ಕೆ ಹಚ್ಚಿದಂತಾಗುತ್ತದೆ.

ಎರಡನೆಯ ಪ್ರಶ್ನೆ ಬೇಡ ಅನ್ನುವ ಮಾತಿನದು. ‘ರೆಟಿನಾಲ್‌ನೊಂದಿಗೆ ಸಂಯೋಜಿಸಬೇಡಿ’ ಅಂತ ಮತ್ತೊಂದು ಕಡೆ ಬರೆದಿದ್ದೆ. ಚಿಕ್ಕಮ್ಮ ಅದನ್ನು ಓದಿ, ಎರಡನ್ನೂ ಒಂದೇ ಬಟ್ಟಲಲ್ಲಿ ಬೆರೆಸಬೇಡಿ ಅಂತ ತಿಳಿದುಕೊಂಡರು. ಆಡುವಾಗ ನಾವು ‘ಅದಕ್ಕೂ ಇದಕ್ಕೂ ಆಗಿಬರಲ್ಲ’ ಅಂತೀವಿ, ಕೇಳಿದವರಿಗೆ ಮತ್ತೇನೂ ಬೇಕಾಗುವುದಿಲ್ಲ. ‘ಆಗಿಬರುವುದಿಲ್ಲ’ ಅಂತ ಅಚ್ಚಿನಲ್ಲಿ ಹಾಕಿದರೆ ಅತ್ತೆ ಸೊಸೆ ಜಗಳದ ವಾಸನೆ ಬಂದೀತೇ? ಆಯುರ್ವೇದದಲ್ಲಿ ಔಷಧಿಯ ಜೊತೆ ಸೇವಿಸುವ ಜೇನುತುಪ್ಪ, ಬಿಸಿನೀರು ಇತ್ಯಾದಿಗೆ ‘ಅನುಪಾನ’ ಅನ್ನುವ ಸೊಗಸಾದ ಪದವಿದೆ. ನಮ್ಮ ಜೆಲ್ಲಿಗೆ ಅದು ಒದಗುತ್ತಿತ್ತು, ಆದರೆ ‘ಪಾನ’ ಅಂದಮೇಲೆ ಯಾರಾದರೂ ಕುಡಿದುಬಿಟ್ಟರೆ ನನ್ನ ಗತಿ?

ಮೂರನೆಯದು ಚಿಕ್ಕದು. ಮಷೀನು ಆಡಿಸುವಾಗ ಸ್ವಲ್ಪ ಜುಮುಜುಮು ಸಹಜ, ಉರಿಯಾದರೆ ನಿಲ್ಲಿಸಿ ಅಂತ ಸೂಚನೆ. ನಡುವೆ ‘ಚುರುಚುರು’ ಇದೆಯಲ್ಲ, ಅದು ನಿಮ್ಮ ಕಡೆ ಜುಮುಜುಮುವಿನ ಪಕ್ಷವೋ, ಉರಿಯ ಪಕ್ಷವೋ? ನಮ್ಮ ಮನೆಯಲ್ಲೇ ಎರಡು ಪಕ್ಷವಾಗಿದೆ.

ತಿದ್ದಿದ ಪ್ರತಿ ಮುಂದಿನ ವಾರ ಮುದ್ರಣಕ್ಕೆ ಹೋಗುತ್ತದೆ. ಅಷ್ಟರಲ್ಲಿ ಚಿಕ್ಕಮ್ಮ ತಮ್ಮ ಡಬ್ಬಿಯ ಕಾಗದದಲ್ಲಿ ನನ್ನ ‘ಜೊತೆಗೆ’ಗೆ ಅಡ್ಡಗೀಟು ಹಾಕಿ, ಪಕ್ಕದಲ್ಲಿ ಪೆನ್ನಿನಿಂದ ‘ಒದ್ದೆ ಇರೋವಾಗ್ಲೇ’ ಅಂತ ಬರೆದಿಟ್ಟುಕೊಂಡಿದ್ದಾರೆ. ಅದನ್ನೇ ಅಚ್ಚು ಹಾಕಿಸಬಹುದೇ?